ಐದನೆಯ ಗೆರೆ

ತಾಳವಾಡಿ ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ
ಜಡೇಸ್ವಾಮಿ ಮಾವ ಈ ವರ್ಷವೂ ಮೀಸೆ ತಿರುವಿದ್ದಾನೆ.
ಮೇಲೆ ತಮಿಳಲ್ಲಿ ವೀರ, ಕೆಳಗೆ ಕನ್ನಡದಲ್ಲಿ ಶೂರ,
ನಡುವೆ ಎಲ್ಲಿಂದಲೋ ಎತ್ತಿ ತಂದ ಚಿರತೆಯ ಚಿತ್ರ.
ಇಷ್ಟು ದೊಡ್ಡ ಬಾಯಿ ನಮ್ಮದಕ್ಕೆ ಇರಲಿಲ್ಲ.
ಮೂಲೆಯಲ್ಲಿ ಅಂಚೆಚೀಟಿಯಷ್ಟು ನಾನು,
ಏಳು ವರ್ಷದ ಚಿಕ್ಕತಾಯಿ, ಬದುಕಿಸಿಕೊಂಡವಳು.

ನಮ್ಮದು ಅಂದೆ. ಮತ್ತೆ ಯಾರದು ಅನ್ನಲಿ?
ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ
ಮದ್ದು ತುಂಬುವ ತೂತುಗಳ ಸಾಲಿನ ಕೆಳಗೆ
ಅದಕ್ಕೊಂದು ಮಲಗುವ ಬಂಡೆ ಇತ್ತು,
ಹೊತ್ತು ಮುಳುಗಿದ ಮೇಲೂ ಬೆಚ್ಚಗಿರುವ ಬಂಡೆ.
ಬೆಳ್ಳುಳ್ಳಿ ಹರವಿದ ಕಡೆ ಸುಳಿಯುತ್ತಿರಲಿಲ್ಲ.
ಘಾಟಿಗೆ ಸೀನು ಬರುತ್ತಿತ್ತು. ಸೀನಿ,
ಯಾರಾದರೂ ಕಂಡರೋ ಎಂದು ಸುತ್ತ ನೋಡುತ್ತಿತ್ತು
ಮದುವೆಮನೆಯಲ್ಲಿ ಜೋರಾಗಿ ತೇಗಿದ ಬೀಗರ ಹಾಗೆ.

ಸಾಧು ಅಂದರೆ ಸೊಪ್ಪು ತಿನ್ನುತ್ತಿತ್ತು ಅಂತಲ್ಲ.
ನಮ್ಮ ಬಿಳಿ ಮೇಕೆಮರಿಯ ಗೆಜ್ಜೆ
ಆ ಬಂಡೆಯ ಬುಡದಲ್ಲೇ ಸಿಕ್ಕಿತು ನನಗೆ.
ಅತ್ತುಬಿಟ್ಟೆ. ಆಮೇಲೆ ಅವ್ವ ಲೆಕ್ಕ ಹಾಕಿದಳು:
ತಿಂಗಳಿಗೆ ಒಂದು, ಹೆಚ್ಚೆಂದರೆ ಎರಡು.
ಚೀಟಿಯ ಪೊನ್ನುಸ್ವಾಮಿಗಿಂತ ಕಮ್ಮಿ ಬಡ್ಡಿ.

ಆ ಸಂಜೆ ಪುಳ್ಳೆ ಆಯಲು ಹೋದವಳು ಕಾಲು ಜಾರಿ
ಕ್ವಾರಿಯ ತಳ ಮುಟ್ಟಿದೆ. ಎದುರಿಗೆ ಅದು.
ಎದ್ದಿತು. ಮೈ ಮುರಿಯಿತು. ನನ್ನ ನೋಡಿ,
ಕೆಲಸದ ಹೊತ್ತಲ್ಲಿ ನೆಂಟರು ಬಂದಂತೆ
ಒಂದು ಮುಖ ಮಾಡಿ, ಮತ್ತೆ ಕೂತಿತು.
ನಡುವೆ ಹಳೆಯ ಮಳೆನೀರು. ನೀರಲ್ಲಿ
ತಲೆಕೆಳಗಾದ ಅದು, ತಲೆಕೆಳಗಾದ ನಾನು.
ಎಷ್ಟು ಹೊತ್ತೋ. ನನಗೆ ನಿದ್ದೆ ಬರುತ್ತಿತ್ತು.

ಆಗ ಮಾವ ಬಂದ. ಮಚ್ಚು ಹಿಡಿದು, ಕೂಗುತ್ತ,
ಒಂದೇ ಕಾಲಲ್ಲಿ ಚಪ್ಪಲಿ.
ಸುಳ್ಳು ಹೇಳಬಾರದು, ಅವನ ಮಂಡಿ ನಡುಗುತ್ತಿತ್ತು,
ಆದರೂ ಇಳಿದ. ಅದು ಸೀನಿದ್ದನ್ನು ಅವನೆಲ್ಲಿ ಕಂಡಿದ್ದ?
ಸಾವಿಗೇ ಇಳಿಯುತ್ತಿದ್ದೇನೆ ಅಂದುಕೊಂಡೇ ಇಳಿದ.
ಇಳಿಯುವ ಮೊದಲು ಮಾತ್ರ
ಹಿಂದೆ ತಿರುಗಿದ್ದನ್ನು ನಾನು ಕಂಡೆ,
ದಿಬ್ಬದ ಮೇಲೆ ಎಷ್ಟು ಜನ ಸೇರಿದ್ದಾರೆ ಎಂದು.
ಸಾಲದು ಅನ್ನಿಸಿತೇನೋ,
ಇನ್ನೊಮ್ಮೆ ಕೂಗಿದ.

ನನ್ನ ಭುಜಕ್ಕೆ ಕೈ ಹಾಕಿ ಎಳೆದ.
ಅಷ್ಟರಲ್ಲಾಗಲೇ ಅದು ಎದ್ದು ಹೊರಟಿತ್ತು
ಜಗಳದ ಮನೆಯಿಂದ ಮೆಲ್ಲಗೆ ಜಾರುವವರಂತೆ.
ಮಚ್ಚು ಬಿದ್ದದ್ದು ಬೆನ್ನಿಗೆ.
ಹಣೆಗಲ್ಲ, ಎದೆಗಲ್ಲ.
ಮೂರು ದಿನ ಬಿಟ್ಟು ಲಾಂಟಾನದ ಪೊದೆಯಲ್ಲಿ ಸಿಕ್ಕಿತು.
ಫಾರೆಸ್ಟಿನವರು ಕ್ವಾರಿಯಲ್ಲೇ ಸುಟ್ಟರು.

ಗಾಯ ತೋರಿಸವ್ವ ಅನ್ನುತ್ತಾರೆ ಪ್ರತಿ ಸನ್ಮಾನದಲ್ಲಿ.
ತೋರಿಸುತ್ತೇನೆ. ನೋಡಿ ನೋಡಿ, ನಾಲ್ಕು ಉಗುರು, ಅನ್ನುತ್ತಾರೆ.
ಐದನೆಯ ಗೆರೆ ಹಿಂದಿದೆ, ರವಿಕೆಯ ಒಳಗೆ,
ಹೆಬ್ಬೆರಳಿನದು.
ಯಾರೂ ಎಣಿಸಲಿಲ್ಲ. ನಾನೂ ಎಣಿಸಿ ಹೇಳಲಿಲ್ಲ.
ನನ್ನ ಫೀಸು ಕಟ್ಟಿದವನು ಅವನು,
ಧಾರೆ ಸೀರೆ ತಂದವನು ಅವನು,
ತಂದದ್ದನ್ನು ಮೈಕಿನಲ್ಲಿ ಹೇಳಿದವನೂ ಅವನೇ.

ಹೋದ ವರ್ಷ ಅವನ ಮಂಡಿಗೆ ಎಣ್ಣೆ ತಿಕ್ಕುತ್ತ ಕೇಳಿದೆ:
ಮಾವ, ಅದು ನನ್ನ ತಿನ್ನುತ್ತಿತ್ತಾ?
ಬಹಳ ಹೊತ್ತು ಸೂರು ನೋಡಿದ.
"ತಿನ್ಲೇಬೇಕಿತ್ತು ಕಣವ್ವಾ" ಅಂದ.
ಆ ದನಿಯಲ್ಲಿ ಮೀಸೆ ಇರಲಿಲ್ಲ.

ಅಂದಿನಿಂದ ನನಗೂ ಅನುಮಾನ.
ಸೀನಿದ್ದನ್ನು ಕಂಡೆನೋ, ಕಟ್ಟಿಕೊಂಡೆನೋ.
ಅವನಿಗೆ ಫ್ಲೆಕ್ಸು ತುಂಬುವಂಥದ್ದು ಬೇಕಿತ್ತು,
ನನಗೆ ಮಡಿಲು ತುಂಬುವಂಥದ್ದು.
ಅದಕ್ಕೇನು ಬೇಕಿತ್ತೋ. ಒಂದು ಬೆಚ್ಚನೆ ಕಲ್ಲು, ಬಹುಶಃ.

ಈ ಸಲವೂ ಬೆಳ್ಳುಳ್ಳಿ ಹರವುವಾಗ
ಕಣದಲ್ಲಿ ಒಂದು ಪಟ್ಟಿ ಖಾಲಿ ಬಿಟ್ಟೆ,
ಒಂದು ಮೈ ಹಾಯುವಷ್ಟು ಅಗಲ.
ಯಾಕೆ ಅಂದ ನನ್ನ ಗಂಡ.
ನಡೆಯಕ್ಕೆ ದಾರಿ ಬ್ಯಾಡ್ವಾ, ಅಂದೆ.